ಬಿಸಿಲಿಗೆ ಮೂಡಿದ ಎರಡನೇಯಾಕಿ

ರಾಚಯ್ಯನ ಅಂದಿನ ಪಜೀತಿಗೆಲ್ಲ ಕಾರಣವಾದದ್ದು ಒಂದೂವರೆ ಚಮಚ ಅರಿಷಿಣ.

ಅದು ಅಂಗಡಿಯ ಅರಿಷಿಣವಲ್ಲ. ಅವನ ಹೆಂಡತಿ ನೀಲವ್ವ ಹೋದ ವರ್ಷ, ತಾನು ಸಾಯುವುದಕ್ಕೆ ಎರಡು ತಿಂಗಳು ಮುಂಚೆ, ಕೊಂಬು ತಂದು ಕೈಯಾರೆ ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಸ್ಟೀಲಿನ ಡಬ್ಬಿಗೆ ತುಂಬಿಟ್ಟದ್ದು. ಆಕೆ ತೀರಿಕೊಂಡ ದಿನಗಳಲ್ಲಿ ಬಂದ ನೆಂಟರು ಸಾರಿಗೆ, ಪಲ್ಯಕ್ಕೆ ಅಂತ ಡಬ್ಬಿಯನ್ನು ಬೇಕಾದ ಹಾಗೆ ಬಳಿದಿದ್ದರು. ಎಲ್ಲರೂ ಊರಿಗೆ ಹೋದ ಮೇಲೆ ರಾಚಯ್ಯ ಮುಚ್ಚಳ ತೆಗೆದು ನೋಡಿದರೆ ಉಳಿದದ್ದು ಅಷ್ಟೇ. ಅವತ್ತೇ ಡಬ್ಬಿಯನ್ನು ಎತ್ತರದ ಗೂಡಿನಲ್ಲಿಟ್ಟ. ಒಬ್ಬನೇ ಬೇಯಿಸಿಕೊಳ್ಳುವ ಬೇಳೆಗೆ ಅಂಗಡಿಯ ಅರಿಷಿಣ ಹಾಕಿದ. ವಾರಕ್ಕೊಮ್ಮೆ ಡಬ್ಬಿ ಇಳಿಸಿ ಮೂಸಿ ನೋಡಿ ಮತ್ತೆ ಇಡುತ್ತಿದ್ದ.

ರಾಚಯ್ಯ ಬಾದಾಮಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲ್ಯಾಬಿನ ಅಟೆಂಡರ್. ಮನೆ ಚೊಳಚಗುಡ್ಡದಲ್ಲಿ. ಮಕ್ಕಳಿಲ್ಲ. ಮೂವತ್ತು ವರ್ಷ ಗಾಜಿನ ಬಟ್ಟಲು ತೊಳೆದವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಹೋದ ತಿಂಗಳು ಯಾಸ್ಮೀನ ಮೇಡಂ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಮಾಡಿಸಿದರು. ಬೀಟ್‌ರೂಟು, ಪಾಲಕ, ದಾಸವಾಳ, ಅರಿಷಿಣ ಇವುಗಳ ರಸವನ್ನು ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ಬೇವಿನ ಎಲೆಯಿಟ್ಟು ಗಾಜು ಮುಚ್ಚಿ ಬಿಸಿಲಿಗೆ ಇಡುವುದು. ಬಿಸಿಲು ಬಿದ್ದಲ್ಲಿ ಬಣ್ಣ ಬಿಳಿಚುತ್ತದೆ, ನೆರಳಿದ್ದಲ್ಲಿ ಉಳಿಯುತ್ತದೆ. ಎಲೆ ಎತ್ತಿದರೆ ಕಾಗದದ ಮೇಲೆ ಎಲೆಯ ಚಿತ್ರ. ರಸ ಅರೆದುಕೊಟ್ಟವನು ರಾಚಯ್ಯನೇ.

ಹುಡುಗರೆಲ್ಲ ಹೋದ ಮೇಲೆ ಆತ ಕೇಳಿದ್ದ: "ಮೇಡಂ, ಹಿಂಗ ಮನಷ್ಯಾರ ಮುಖಾನೂ ಬರತೈತೇನ್ರಿ?"

"ಬರತೈತಿ ರಾಚಯ್ಯನವರ. ಫೋಟೊ ಒಂದು ಪಾರದರ್ಶಕ ಹಾಳಿ ಮ್ಯಾಲ ತಗಸ್ಕೊಂಡ ಬರ್ರಿ. ಅರಿಷಿಣಕ್ಕ ನಾಕೈದ ತಾಸ ಬಿಸಿಲ ಸಾಕು. ಯಾರ ಮುಖಾ?"

ಆತ ಬಟ್ಟಲುಗಳನ್ನು ತೊಳೆಯಲು ಎತ್ತಿಕೊಂಡ. ಮೇಡಂ ಮತ್ತೆ ಕೇಳಲಿಲ್ಲ. ಸಂಜೆ ಹೋಗುವಾಗ ಒಂದು ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ಟು, ಒಂದು ದಪ್ಪ ಕಾಗದ ಕೊಟ್ಟು ಹೋದರು.

ನೀಲವ್ವನ ಫೋಟೊ ಮೊಬೈಲಿನಲ್ಲಿ ಇರಲಿಲ್ಲವೆಂದಲ್ಲ. ಇದ್ದವು, ಆದರೆ ಒಂದರಲ್ಲಿ ಆಕೆ ಬೆನ್ನು ತಿರುಗಿಸಿದ್ದಳು, ಒಂದರಲ್ಲಿ ಬಾಯಿಗೆ ಸೆರಗು, ಇನ್ನೊಂದರಲ್ಲಿ ಕೈಯೆತ್ತಿ ಬೈಯುತ್ತಿದ್ದಳು. ನೆಟ್ಟಗೆ ನೋಡಿದ ಫೋಟೊ ಎಂದರೆ ಮಹಿಳಾ ಸಂಘದ ಪಾಸ್‌ಬುಕ್ಕಿಗೆ ತೆಗೆಸಿದ್ದು ಒಂದೇ. ಹಿಂದೆ ಕರಿ ಕಂಬಳಿ ಇಳಿಬಿಟ್ಟು ತೆಗೆದದ್ದು. ರಾಚಯ್ಯ ಅದನ್ನೇ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಪಾರದರ್ಶಕ ಹಾಳೆಗೆ ಇಳಿಸಿಕೊಂಡು ಬಂದ. ಸೋಮವಾರ ನೀಲವ್ವನ ವರ್ಷದ ಪುಣ್ಯತಿಥಿ. ಅಂದು ಪೂಜೆಗೆ ಇಡುವ ಮುಖ ಆಕೆಯ ಕೈಯ ಅರಿಷಿಣದಿಂದಲೇ ಮೂಡಬೇಕು ಎಂದು ನಿಶ್ಚಯ ಮಾಡಿದ್ದ.

ಭಾನುವಾರ ಬೆಳಗ್ಗೆ ಕಾಳಿನ ಕೋಣೆಯ ಕತ್ತಲಲ್ಲಿ ಕೂತು ಡಬ್ಬಿಯನ್ನು ಬೆರಳಿನಿಂದ ಬಳಿದು ಬಳಿದು ಬಟ್ಟಲಿಗೆ ಹಾಕಿದ. ಸ್ಪಿರಿಟ್ಟಿನಲ್ಲಿ ಕಲೆಸಿ, ಸೋಸಿ, ಕಾಗದಕ್ಕೆ ಬಳಿದ. ಸರಿಯಾಗಿ ಒಂದು ಹಾಳೆಗೆ ಸಾಲುವಷ್ಟಿತ್ತು. ಒಣಗಿದ ಮೇಲೆ ಹಲಗೆಯ ಮೇಲಿಟ್ಟು, ಮೇಲೆ ನೀಲವ್ವನ ಹಾಳೆ, ಅದರ ಮೇಲೆ ಗಾಜು, ನಾಲ್ಕು ಮೂಲೆಗೆ ನಾಲ್ಕು ಬಟ್ಟೆ ಕ್ಲಿಪ್ಪು. ಒಂಬತ್ತೂವರೆಗೆ ಮಾಳಿಗೆಯ ಮೇಲೆ ತಂದು, ಎಳೆಗೂಸನ್ನು ಮಲಗಿಸುವವನ ಹಾಗೆ ಬಿಸಿಲಿಗೆ ಮಲಗಿಸಿದ.

ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಿದ್ದ ಪದ್ಮವ್ವ ಕತ್ತು ಉದ್ದ ಮಾಡಿದಳು.

"ಏನ ಒಣ ಹಾಕೀರಿ ಅಯ್ಯಾರ?"

"ಫೋಟೊ."

"ಅಯ್ಯ! ತೊಯ್ಸಿಕೊಂಡ್ರೇನು?"

"ತೊಯ್ದಿಲ್ಲವಾ. ಬಿಸಿಲಿಗೆ ಇಟ್ರ ಅದ ಮೂಡತೈತಿ. ಸೂರ್ಯ ತಗಿಯೂ ಫೋಟೊ."

"ಸೂರ್ಯ ಯಾವಾಗ ಸ್ಟುಡಿಯೋ ಇಟ್ಟಾನ್ರಿ?" ಎಂದಳು ಪದ್ಮವ್ವ. ಕೆಳಗಿಳಿದು ಗಂಡನಿಗೆ, "ಅಯ್ಯಾರ ತಲಿಗೆ ಬಿಸಿಲ ಹತ್ತೇತಿ, ಒಬ್ಬರ ಇದ್ದಿದ್ದಕ್ಕ ಹಿಂಗಾತು," ಅಂದದ್ದು ರಾಚಯ್ಯನಿಗೂ ಕೇಳಿಸಿತು.

ಹತ್ತೂವರೆಗೆ ನೋಡಲು ಬಂದರೆ ಗಾಜಿನ ಮೇಲೆ ಒದ್ದೆ ಮಾಡಿದ ಹಸಿರು ಓಢಣಿಯೊಂದು ಹಾಸಿತ್ತು. ಓಣಿಯ ಆ ಬದಿಯ ರೋಷನಬಿ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ನೀಲವ್ವನ ಇಪ್ಪತ್ತು ವರ್ಷದ ಗೆಳತಿ. ಕಣ್ಣು ತುಂಬಿದ್ದವು.

"ಏನ ಮಾಡಿದಿ ರೋಷನಬಿ! ಅರ್ಧಾ ತಾಸಿನ ಬಿಸಿಲ ಹೋತಲ್ಲ!"

"ಮೆಣಸಿನಕಾಯಿ ಹರವಾಕ ಬಂದೆ ಅಣ್ಣಾರ. ನೋಡಿದ್ರ ಅಕ್ಕ ಗಾಜಿನ ಬುಡಕ, ರಣಾ ರಣಾ ಬಿಸಿಲಾಗ. ಆಕೀಗೆ ಬಿಸಿಲಂದ್ರ ಅರ್ಧ ತಲಿ ಸೂಲಿ ಬರತಿತ್ತು, ಮರತ್ರೇನು? ಹೆಂಗ ಮನಸ ಬಂತ್ರಿ ನಿಮಗ?"

ರಾಚಯ್ಯ ಆಕೆಯ ಎದುರಿಗೆ ಕೂತ. ಸೂರ್ಯನ ಕೆಲಸವನ್ನೆಲ್ಲ ಆಕೆಗೆ ತಿಳಿಸಿ ಹೇಳಿದ. ರೋಷನಬಿ ಓಢಣಿಯನ್ನು ಎತ್ತಿದಳು, ಆದರೆ ಹೋಗುವಾಗ ಎರಡು ಸಲ ತಿರುಗಿ ನೋಡಿದಳು. ಆಕೆ ಕೆಳಗಿಳಿದ ಮೇಲೆ ರಾಚಯ್ಯನೂ ಗಾಜಿನ ಮುಂದೆ ಸ್ವಲ್ಪ ಹೊತ್ತು ಕೂತ. "ಇನ್ನ ಮೂರ ತಾಸು. ತಡಕೊ," ಎಂದು ಮೆಲ್ಲಗೆ ಅಂದು, ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ.

ಹನ್ನೊಂದೂಕಾಲಿಗೆ ಫೋನು ಬಂತು. ಇಲಕಲ್ಲಿನಿಂದ ಅತ್ತೆ ಗುರುಸಿದ್ದವ್ವ ಸಂಜೆಯ ಬಸ್ಸಿಗೆ ಬರಬೇಕಾದವಳು ಬೆಳಗಿನದಕ್ಕೇ ಹತ್ತಿಬಿಟ್ಟಿದ್ದಳಂತೆ. ಹನ್ನೆರಡಕ್ಕೆ ಬಾದಾಮಿಗೆ ಮುಟ್ಟುವವಳು. ಎಪ್ಪತ್ತೈದರ ಮುದುಕಿಯನ್ನು ನಿಲ್ದಾಣದಲ್ಲಿ ಕಾಯಿಸುವಂತಿಲ್ಲ. ಇತ್ತ ಮಾಳಿಗೆಯನ್ನು ಬಿಟ್ಟು ಹೋಗುವಂತೆಯೂ ಇಲ್ಲ. ಬಾದಾಮಿಯ ಸುತ್ತಿನ ಮಂಗ್ಯಾಗಳಿಗೆ ಹೊಳೆಯುವುದೆಲ್ಲ ತಮ್ಮದೇ ಅಂತ. ಗಾಜು ಕಂಡರೆ ಬಿಟ್ಟಾವೇ?

ಕಾವಲಿಗೆ ಸಿಕ್ಕವನು ಪದ್ಮವ್ವನ ಗಂಡ ಗುರಪ್ಪ ಮಾಸ್ತರ. ಸಾಲಿಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತನಾದವನು. ಮಾಡಲು ಕೆಲಸವಿಲ್ಲದ್ದರಿಂದ ಓಣಿಯ ಎಲ್ಲ ಕೆಲಸಕ್ಕೂ ಮೇಲ್ವಿಚಾರಕ.

"ಮಾಸ್ತರ, ಒಂದ ತಾಸ ಕೂಡ್ರಿ. ಮಂಗ್ಯಾ ಬಂದ್ರ ಹೊಡೀರಿ. ನೀವೂ ಮುಟ್ಟಬ್ಯಾಡ್ರಿ."

"ನನಗ ಹೇಳ್ತೀರೇನ್ರಿ? ಮೂವತ್ತ ವರ್ಷ ಪರೀಕ್ಷಾ ಕಾದಾಂವ ನಾ. ನನ್ನ ಖೋಲ್ಯಾಗ ಒಂದ ಚೀಟಿ ಹಾರಿಲ್ಲ. ನಿಶ್ಚಿಂತಿಂದ ಹೋಗ್ರಿ."

ರಾಚಯ್ಯ ಮೊಪೆಡ್ ಹತ್ತಿ ಓಡಿದ.

ಅತ್ತೆಯನ್ನು ಕೂಡಿಸಿಕೊಂಡು ಮರಳಿದಾಗ ಒಂದು ಗಂಟೆಯಾಗಿತ್ತು. ಆಕೆಯನ್ನು ಪಡಸಾಲೆಯಲ್ಲಿ ಮಲಗಿಸಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಗುರಪ್ಪ ಮಾಸ್ತರ ಛತ್ರಿ ಹಿಡಿದು, ಕೈಯಲ್ಲಿ ಕೋಲು ಹಿಡಿದು, ಕೋಟೆ ಕಾಯುವವನಂತೆ ನಿಂತಿದ್ದ. ನಾಲ್ಕೂ ಕ್ಲಿಪ್ಪು ಜಾಗದಲ್ಲೇ ಇದ್ದವು. ಗಾಜಿನ ಮೇಲೆ ಧೂಳೂ ಇರಲಿಲ್ಲ.

"ಮಂಗ್ಯಾ ಬಂದಿದ್ವೇನ್ರಿ?"

"ಮೂರ ಬಂದಿದ್ವು. ನನ್ನ ಮುಖಾ ನೋಡಿ ಹೋದ್ವು."

ರಾಚಯ್ಯ ಆತನಿಗೆ ಕೈಮುಗಿದ. ಕೆಟ್ಟುಹೋದ ಅರ್ಧ ತಾಸನ್ನೂ ಸೇರಿಸಿ ಮೂರರ ತನಕ ಕಾದ.

ಮೂರಕ್ಕೆ ಹಲಗೆ ಇಳಿಸುವಷ್ಟರಲ್ಲಿ ಸುದ್ದಿ ಓಣಿಯೆಲ್ಲ ತಿರುಗಿತ್ತು. ಅಂಗಳದಲ್ಲಿ ಪದ್ಮವ್ವ, ಗುರಪ್ಪ ಮಾಸ್ತರ, ರೋಷನಬಿ, ಅವರ ಬೆನ್ನ ಹಿಂದೆ ಇನ್ನೂ ನಾಲ್ಕಾರು ಮಂದಿ. ರಾಚಯ್ಯ ತಾಟಿನಲ್ಲಿ ಬಿಳಿಗಾರದ ನೀರು ಮಾಡಿಟ್ಟಿದ್ದ. ಅದರಲ್ಲಿ ಅದ್ದಿದರೆ ಹಳದಿ ಹೋಗಿ ಆರತಿಯ ಓಕುಳಿಯ ಹಾಗೆ ಕೆಂಪಾಗುತ್ತದೆ ಎಂದು ಮೇಡಂ ಹೇಳಿದ್ದರು. ಕ್ಲಿಪ್ಪು ತೆಗೆದ. ಗಾಜು ಎತ್ತಿದ. ಹಾಳೆ ತೆಗೆದು, ಕಾಗದವನ್ನು ನೀರಿಗೆ ಇಳಿಸಿದ.

ಕೆಂಪು ಏರಿತು. ಹಣೆ ಬಂತು, ಹುಬ್ಬು ಬಂತು, ಎಡಗಡೆಗೆ ಸ್ವಲ್ಪ ಕೊಂಕಿದ ತುಟಿ ಬಂತು. ನೀಲವ್ವನೇ. ಮರುಕ್ಷಣ ಆಕೆಯ ಭುಜದ ಹಿಂದಿನಿಂದ ಇನ್ನೊಂದು ಹಣೆ ಮೂಡಿತು. ಇನ್ನೊಂದು ಹುಬ್ಬು. ಇನ್ನೊಂದು ಬಾಯಿ. ತುಸು ಮಸುಕಾಗಿ, ತುಸು ತಗ್ಗಿಗೆ, ಒಂದು ಕಿವಿ ಮೊದಲಿನವಳ ಕೆನ್ನೆಯ ಹಿಂದೆ ಮರೆಯಾಗಿ, ಮತ್ತೊಬ್ಬ ಹೆಂಗಸು ರಾಚಯ್ಯನನ್ನೇ ನೋಡುತ್ತಿದ್ದಳು.

ಮೊದಲು ಬಾಯಿ ಬಿಟ್ಟವಳು ಪದ್ಮವ್ವ.

"ಅಯ್ಯಾರ, ಎರಡನೇಯಾಕಿ ಯಾರ್ರಿ?"

ರಾಚಯ್ಯನಿಗೆ ಎಲ್ಲ ತಿಳಿಯಿತು. ಯಾರೋ ಗಾಜು ಎತ್ತಿದ್ದಾರೆ, ಹಾಳೆ ಸರಿದಿದೆ, ಸರಿದಲ್ಲೇ ಮತ್ತೆ ಮುಚ್ಚಿದ್ದಾರೆ. ಮೊದಲಿನ ಜಾಗದಲ್ಲಿ ಒಮ್ಮೆ, ಸರಿದ ಜಾಗದಲ್ಲಿ ಇನ್ನೊಮ್ಮೆ, ಸೂರ್ಯ ಎರಡು ಸಲ ಬರೆದಿದ್ದಾನೆ.

"ಮಾಸ್ತರ, ಗಾಜ ಎತ್ತಿ ನೋಡಿದ್ರೇನು?"

"ನಾನಾ?" ಗುರಪ್ಪ ಮಾಸ್ತರ ಎರಡು ಹೆಜ್ಜೆ ಹಿಂದೆ ಸರಿದ. "ಬೆರಳ ಸೈತ ಹಚ್ಚಿಲ್ಲ! ಮೂವತ್ತ ವರ್ಷ ಪರೀಕ್ಷಾ..."

"ಮತ್ತ ಇದು ಹೆಂಗಾತ್ರಿ?"

"ಅದನ್ನ ನೀವ ಹೇಳಬೇಕು. ಬಿಸಿಲೇನ ಸುಳ್ಳ ಬರೀತೈತೇನ್ರಿ?" ಎಂದ ಮಾಸ್ತರ, ಮುಗಿಲಿನ ಕಡೆ ನೋಡುತ್ತ.

ಈ ಒಂದು ಮಾತು ಸಾಕಾಯಿತು. "ಮಾರಿ ನೀಲವ್ವನಂಗ ಐತಿ, ಖರೆ ಇಕಿ ಸ್ವಲ್ಪ ದುಂಡಗದಾಳ," ಎಂದಳೊಬ್ಬಳು. "ಗಂಡಸರು ಹುಡುಕಿದ್ರೂ ಅಂಥಾಕೀನ್ನ ಹುಡುಕತಾರ," ಎಂದಳು ಇನ್ನೊಬ್ಬಳು. ಬಾದಾಮಿಗೆ ದಿನಾ ಹೋಗಿ ಬರುವ ಗಂಡಸು, ಕಾಲೇಜಿನಿಂದ ಕೆಲವು ಸಲ ಕತ್ತಲಾದ ಮೇಲೆ ಬರುವ ಗಂಡಸು ಎಂದು ಪದ್ಮವ್ವ ಲೆಕ್ಕ ಕೂಡಿಸತೊಡಗಿದಳು. ರೋಷನಬಿ ಮಾತ್ರ, "ಸುಮ್ನಿರ್ರಿ, ಅಣ್ಣಾರು ಅಂಥಾವರಲ್ಲ," ಎಂದಳು. ಆದರೆ ಆಕೆಯೂ ತಾಟಿನೊಳಗೆ ಬಗ್ಗಿ ಎರಡನೆಯವಳನ್ನು ನಿಟ್ಟಿಸಿದಳು.

ರಾಚಯ್ಯನ ಕಿವಿಗೆ ಇದ್ಯಾವುದೂ ಹೋಗಲಿಲ್ಲ. ಡಬ್ಬಿ ಖಾಲಿಯಾಗಿತ್ತು. ನೀಲವ್ವ ಮತ್ತೆ ಬಂದು ಕುಟ್ಟಿ ಕೊಡುವುದಿಲ್ಲ. ಇದ್ದ ಒಂದೇ ಹಾಳೆ ಹೀಗಾಯಿತು. ಐವತ್ತೇಳರ ಗಂಡಸು ಅಂಗಳದಲ್ಲಿ, ಮಂದಿಯ ನಡುವೆ, ಒದ್ದೆ ಕೈಯಿಂದ ಕಣ್ಣೊರಸಿಕೊಂಡ. ಬಿಳಿಗಾರದ ನೀರು ಕಣ್ಣಿಗೆ ಹತ್ತಿ ಇನ್ನಷ್ಟು ಉರಿಯಿತು. ಅದನ್ನೂ ಅವರು ತಪ್ಪಿತಸ್ಥನ ಅಳು ಎಂದೇ ಎಣಿಸಿದರು.

"ಏನದು ಗದ್ದಲ?"

ಬಾಗಿಲಲ್ಲಿ ಗುರುಸಿದ್ದವ್ವ ನಿಂತಿದ್ದಳು. ಓಣಿಯೆಲ್ಲ ಸರಿದು ಆಕೆಗೆ ದಾರಿ ಬಿಟ್ಟಿತು. ಹೆತ್ತ ತಾಯಿ ಏನೆನ್ನುತ್ತಾಳೋ ನೋಡೋಣವೆಂದು ಪದ್ಮವ್ವ ಸೆರಗು ಬಿಗಿದುಕೊಂಡಳು. ಮುದುಕಿ ತಾಟಿನ ಮುಂದೆ ಕೂತು, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಾಟನ್ನು ತಾನೇ ಎತ್ತಿಕೊಂಡು, "ಅಳ್ಯಾರ, ಒಳಗ ಬರ್ರಿ. ಬಾಗಲಾ ಹಾಕ್ರಿ," ಎಂದಳು.

ಬಾಗಿಲು ಹಾಕಿದ್ದಾಯಿತು. ಹೊರಗೆ ಗುಸುಗುಸು, ಒಳಗೆ ಮುದುಕಿಯ ಉಸಿರು. ರಾಚಯ್ಯ ಮಾಸ್ತರನ ಕತೆ ಹೇಳಲು ಬಾಯಿ ತೆರೆದ. ಆಕೆಯೇ ಮೊದಲು ಮಾತಾಡಿದಳು.

"ನೀಲಿ ನಿಮಗ ಹೇಳಿಬಿಟ್ಲಲ್ಲ."

"ಏನ್ರಿ ಎವ್ವಾ?"

"ಗಂಗಿ ಸುದ್ದಿ. ಹೇಳೂದಿಲ್ಲ ಅಂತ ಲಿಂಗಾ ಮುಟ್ಟಿ ಆಣಿ ಮಾಡಿದ್ಲು. ಇವರಪ್ಪನ ಆಣಿ ಮಾಡಿಸಿದ್ರು."

ಮುದುಕಿ ತಾಟಿನಿಂದ ಕಣ್ಣೆತ್ತದೆ ಹೇಳುತ್ತ ಹೋದಳು.

"ಅವಳಿ ಹುಟ್ಟಿದ್ವು. ಗಂಗವ್ವ ಅರ್ಧಾ ತಾಸ ಮೊದಲ, ನೀಲವ್ವ ಹಿಂದ. ಹದಿನೆಂಟ ತುಂಬಿದ ವರ್ಷ ಗಂಗಿ ಮಗ್ಗಾ ನೇಯೂ ಹುಡುಗನ ಕೂಡ ಸೊಲ್ಲಾಪುರಕ್ಕ ಹೋದ್ಲು. ಇವರಪ್ಪ ಆಕೀ ಸೀರಿ, ಫೋಟೊ ಎಲ್ಲಾ ಹಿತ್ತಲದಾಗ ಸುಟ್ರು. ನಮಗ ಒಬ್ಬಾಕೀನ ಮಗಳು ಅಂದ್ರು. ಎರಡ ವರ್ಷಕ್ಕ ಹೆರಿಗ್ಯಾಗ ಸತ್ಲಂತ ಸುದ್ದಿ ಬಂತು. ಅಳಾಕೂ ಬಿಡಲಿಲ್ರಿ. ಅದರ ಮುಂದಿನ ತಿಂಗಳದಾಗ ನೀವು ಹೆಣ್ಣ ನೋಡಾಕ ಬಂದ್ರಿ. ನಿಮ್ಮ ಮನ್ಯಾಗ ಗೊತ್ತಾದ್ರ ಲಗ್ನ ಮುರೀತಿತ್ತು."

ನೀಲವ್ವ ಇದನ್ನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಮೂವತ್ತಮೂರು ವರ್ಷ. ನಾಗರಪಂಚಮಿಗೆ ಮನೆಯಲ್ಲಿ ಜೋಕಾಲಿ ಕಟ್ಟಿದಾಗೆಲ್ಲ ನೀಲವ್ವ ಹಲಗೆಯ ಒಂದು ತುದಿಗೆ ಸರಿದು ಕೂಡುತ್ತಿದ್ದಳು. ಇನ್ನೊಂದು ತುದಿ ತನಗೇ ಎಂದು ತಿಳಿದು, ಲಗ್ನವಾದ ಹೊಸದರಲ್ಲಿ ಆತ ಒಮ್ಮೆ ಹೋಗಿ ಕೂತಿದ್ದ. ಆಕೆ ಮಾತಿಲ್ಲದೆ ಇಳಿದು ಒಳಗೆ ಹೋಗಿದ್ದಳು. ತನ್ನ ಬಾಯಿಯ ಎಲೆ ಅಡಿಕೆಯ ವಾಸನೆಗೆ ಇರಬೇಕೆಂದು ಎಣಿಸಿ ರಾಚಯ್ಯ ಎಲೆ ಹಾಕುವುದನ್ನೇ ಬಿಟ್ಟಿದ್ದ.

"ಚಲೋ ಆತು ನಿಮಗ ಹೇಳಿದ್ಲು," ಎಂದಳು ಮುದುಕಿ. "ಹೊಟ್ಯಾಗ ಇಟ್ಕೊಂಡ ಹೋಗಲಿಲ್ಲ. ಗಂಡನ ಮುಂದ ಹಗುರಾಗಿ ಹೋದ್ಲು. ಅದಕ್ಕ ಅಲ್ರೀ ನೀವು ಇಬ್ಬರನೂ ಕೂಡಿಸಿದ್ದು? ಯಾವ ಅಳಿಯಾ ಮಾಡ್ತಾನ್ರಿ ಹಿಂಗ?"

ಆಕೆಯ ಮುಖ ನೋಡಿದ ಮೇಲೆ ಛತ್ರಿ ಹಿಡಿದ ಮಾಸ್ತರನ ಮಾತು ಎಲ್ಲಿಂದ ಬರಬೇಕು?

"ಹೌದ್ರಿ ಎವ್ವಾ," ಎಂದ ರಾಚಯ್ಯ. "ಎಲ್ಲಾ ಹೇಳಿದ್ಲು."

ಹೇಳಿ ತಲೆ ತಗ್ಗಿಸಿ, ಕಾಗದದ ಮುಂದಿನ ಮುಖದ ಮೇಲೆ, ತಿಳಿಯಾಗಿ ಮೂಡಿದ್ದ ಆ ಕೊಂಕು ತುಟಿಯ ಮೇಲೆ ಬೆರಳಿಟ್ಟ. ಅದೊಂದನ್ನಾದರೂ ತನ್ನದು ಎಂದುಕೊಳ್ಳಬೇಕಿತ್ತು ಆತನಿಗೆ.

ಗುರುಸಿದ್ದವ್ವ ಆತನ ಬೆರಳನ್ನು ಮೆಲ್ಲಗೆ ಹಿಡಿದು ಸರಿಸಿದಳು.

"ಅಕಿ ಗಂಗಿ. ಹುಟ್ಟಿದಾಗಿಂದ ಅಕೀನ ಮುಂದ. ನಿಮ್ಮ ನೀಲಿ ಇಕಿ, ಹಿಂದ ನಿಂತಾಕಿ. ಯಾವಾಗ್ಲೂ ಅಕ್ಕನ ಬೆನ್ನ ಹಿಂದ." ಮುಂದಿನ ಮುಖವನ್ನು ಮತ್ತೆ ನೋಡಿ, "ಇದ್ದಿದ್ರ ಹಿಂಗ ಆಗಿರ್ತಿದ್ಲು ನೋಡ್ರಿ. ಹಣಿ ಮ್ಯಾಲ ಗೆರಿ ಬಂದಾವು. ಹದಿನೆಂಟಕ್ಕ ಹೋದಾಕಿ ಇವತ್ತ ನನ್ನ ಕಣ್ಣ ಮುಂದ ವಯಸ್ಸಾಗಿ ಬಂದ್ಲು," ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಮೂವತ್ತಮೂರು ವರ್ಷ ಹಿಡಿದಿಟ್ಟ ಅಳು ಅದು, ಸೆರಗಿಗೆ ನಿಲ್ಲಲಿಲ್ಲ.

ಮರುದಿನದ ಪುಣ್ಯತಿಥಿಗೆ ಓಣಿಯೆಲ್ಲ ಬಂದಿತ್ತು. ಎಲ್ಲರೆದುರು ಗುರುಸಿದ್ದವ್ವ ಕಾಗದದ ಮೇಲಿನ ಇಬ್ಬರಿಗೂ ವಿಭೂತಿ ಹಚ್ಚಿ, ಇಬ್ಬರಿಗೂ ಹೂ ಏರಿಸಿದಳು. ಪದ್ಮವ್ವ ಗಂಡನ ಪಕ್ಕೆಗೆ ತಿವಿದಳು. ಹೋಳಿಗೆ ಉಂಡು ಮಂದಿ ಎದ್ದ ಮೇಲೆ ಮುದುಕಿ ಕಾಗದವನ್ನು ಸೀರೆಗಳ ನಡುವೆ ಇಟ್ಟು ಚೀಲಕ್ಕೆ ಹಾಕಿಕೊಂಡಳು. ಕೇಳಲಿಲ್ಲ, ತನಗಾಗಿಯೇ ಮಾಡಿದ್ದೆಂದು ಆಕೆಗೆ ಅನುಮಾನವೇ ಇರಲಿಲ್ಲ.

ಬಸ್ಸಿನ ಕಿಟಕಿಯ ಕೆಳಗೆ ನಿಂತು ರಾಚಯ್ಯ ಹೇಳಿದ: "ಎವ್ವಾ, ಅದನ್ನ ಬೆಳಕಿನಾಗ ಇಡಬ್ಯಾಡ್ರಿ. ಬಿಸಿಲ ಬರದದ್ದನ್ನ ಬಿಸಿಲ ಅಳಸತೈತಿ. ಟ್ರಂಕಿನಾಗ, ಕತ್ತಲಾಗ ಇಡ್ರಿ."

"ಇಲ್ರಿ ಅಳ್ಯಾರ. ಆಕೀನ್ನ ಕತ್ತಲಾಗ ಇಟ್ಟದ್ದ ಸಾಕು. ಪಡಸಾಲ್ಯಾಗ ಮೂಡಗಡೆ ಮುಖಾ ಮಾಡಿ ಹಾಕ್ತೇನಿ. ಬಾಗಲಾ ತಗದ್ರ ಎಲ್ಲಾರಿಗೂ ಕಾಣಬೇಕು."

ಮೂಡಣ ಬಿಸಿಲು ನೇರ ಬೀಳುವ ಗೋಡೆ ಅದು. ಒಂದು ಬೇಸಿಗೆ ದಾಟಲಾರದು ಎಂದು ರಾಚಯ್ಯನಿಗೆ ಗೊತ್ತಿತ್ತು. ಬಸ್ಸು ಹೊರಟಿತು. ಆತ ಕೈಯೆತ್ತಿದ.

ಮನೆಗೆ ಬಂದು ಬೀಗ ತೆಗೆಯುವಾಗ ಪದ್ಮವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು. ರೋಷನಬಿಯೂ ಇದ್ದಳು. ಮಾಸ್ತರ ಕಂಬದ ಹಿಂದೆ ಅರ್ಧ ಕಾಣುತ್ತಿದ್ದ.

"ಅಯ್ಯಾರ, ನಾವೇನ ಹೊರಗಿನವರಲ್ಲ. ಖರೆ ಹೇಳ್ರಿ. ಆ ಹಿಂದ ನಿಂತಿದ್ಲಲ್ಲ ಎರಡನೇಯಾಕಿ, ಆಕಿ ಯಾರು?"

ರಾಚಯ್ಯನಿಗೆ ಎರಡನೆಯ ಸಲ ಸುಳ್ಳು ಹೇಳುವ ತ್ರಾಣವಿರಲಿಲ್ಲ.

"ನನ್ನ ಹೇಣ್ತಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬನಶಂಕರಿಯ ತನಕ ಮುಟ್ಟಿತ್ತು: ರಾಚಯ್ಯನಿಗೆ ಇನ್ನೊಂದು ಸಂಸಾರ ಇರುವುದು ಖರೆ, ಸ್ವತಃ ತಾನೇ ಬಾಯಿ ಬಿಟ್ಟು ಒಪ್ಪಿಕೊಂಡನಂತೆ, ಪಾಪ ಆ ನೀಲವ್ವ, ಇದೇನೂ ಗೊತ್ತಿಲ್ಲದೆಯೇ ಹೋದಳು.